ಕೊಡಲಿ ಹಿಡಿದ ಊರು ತುರುವನೂರು

ಚಿತ್ರದುರ್ಗದ ಕಲ್ಲಿನ ಕೋಟೆಯನ್ನು ಹಿಂದೆ ಬಿಟ್ಟು ಉತ್ತರ ದಿಕ್ಕಿಗೆ ಸುಮಾರು 20 ಕಿಲೋಮೀಟರು ಸಾಗಿದರೆ ತುರುವನೂರು ದೊರೆಯುತ್ತದೆ. ನಾಯಕನಹಟ್ಟಿಯ ಶ್ರೀ ತಿಪ್ಪೇರುದ್ರಸ್ವಾಮಿಗಳ ದರ್ಶನಕ್ಕೆ ಹೋಗುವ ಭಕ್ತರಲ್ಲಿ ಅನೇಕರು ಈ ಊರನ್ನು ಬಸ್ಸಿನ ಕಿಟಕಿಯಿಂದ ಕಂಡಿದ್ದಾರೆ; ಇಳಿದು ನೋಡಿದವರು ವಿರಳ. ನಾವೂ ಬಹುಕಾಲ ಹಾಗೆ ಹಾದುಹೋದವರೇ. ಈಚೆಗೆ ಫಾಲ್ಗುಣದ ಜಾತ್ರೆಗೆ ಹೊರಟಾಗ ಮನಸ್ಸು ಮಾಡಿ ಇಲ್ಲಿ ಇಳಿದೆವು.

ತುರು ಎಂದರೆ ಹಳಗನ್ನಡದಲ್ಲಿ ಹಸು. ಗೋವುಗಳ ನೆನಪು ಊರಿನ ಹೆಸರಿನಲ್ಲೇ ಉಳಿದಂತೆ ತೋರುತ್ತದೆ. ದುರ್ಗದ ಬಂಡೆಗಳು ಹಿಂದೆ ಸರಿದು ಇಲ್ಲಿ ಕಪ್ಪು ಎರೆಭೂಮಿಯ ಬಯಲು ತೆರೆದುಕೊಳ್ಳುತ್ತದೆ. ಮಳೆ ಕಡಿಮೆ. ಆದರೆ ಎರೆಮಣ್ಣು ಹೀರಿದ ತೇವವನ್ನು ಬೇಗ ಬಿಟ್ಟುಕೊಡುವುದಿಲ್ಲ. ಹಿಂಗಾರಿನ ಜೋಳ, ಕಡಲೆ, ಹತ್ತಿಗಳು ಆ ತೇವವನ್ನೇ ನಂಬಿ ಬೆಳೆಯುತ್ತವೆ. ಮಳೆ ಕೈಕೊಟ್ಟ ವರ್ಷ ರೈತನಿಗೆ ಆಕಾಶವೇ ಗತಿ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಆಯವ್ಯಯದಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದಾಗ ಜಿಲ್ಲೆಯ ಬಯಲುಸೀಮೆಯೆಲ್ಲ ಕಿವಿಗೊಟ್ಟು ಕೇಳಿದ್ದು ಈ ಕಾರಣಕ್ಕೇ.

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಐವರಲ್ಲಿ ನಾಲ್ವರು ಹಳ್ಳಿಗಳಲ್ಲಿ ವಾಸಿಸುವವರು. ತುರುವನೂರು ಅಂತಹ ಹಳ್ಳಿಗಳ ನಡುವಿನ ಹೋಬಳಿ ಕೇಂದ್ರ. ಈ ಸೀಮೆಯಲ್ಲಿ ಲಿಂಗಾಯತರು, ನಾಯಕರು, ಕುರುಬರು, ಗೊಲ್ಲರು, ಲಂಬಾಣಿಗರು, ಪರಿಶಿಷ್ಟರು, ಮುಸಲ್ಮಾನರು ಒಂದೇ ಮಳೆಯನ್ನು ನಂಬಿ ಬದುಕುತ್ತಿದ್ದಾರೆ.

ಇಂತಹ ಊರಿನ ಹೆಸರು ನಾಡಿನ ಇತಿಹಾಸವನ್ನು ಸೇರಿದ್ದು 1939ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆದಿತ್ತು. ಹಿಂದಿನ ವರ್ಷವಷ್ಟೇ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು, ವಿದುರಾಶ್ವತ್ಥದಲ್ಲಿ ರಕ್ತ ಹರಿದಿತ್ತು. ತುರುವನೂರಿನಲ್ಲಿ ಅದೇ ಹೋರಾಟ ಅರಣ್ಯ ಸತ್ಯಾಗ್ರಹದ ರೂಪ ತಾಳಿತು. ಈಚಲು ಮರದಿಂದ ಹೆಂಡ, ಹೆಂಡದಿಂದ ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ಆದಾಯ. ಸತ್ಯಾಗ್ರಹಿಗಳು ಕಾನೂನು ಮುರಿದು ಆ ಈಚಲು ಮರಗಳಿಗೇ ಕೊಡಲಿ ಹಾಕಿದರು. ಒಂದೇ ಏಟು ಆಳುವವರ ಆದಾಯಕ್ಕೂ ಬಿತ್ತು, ಬಡವನ ಮನೆ ಮುರಿಯುವ ವ್ಯಸನಕ್ಕೂ ಬಿತ್ತು.

ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಈ ಸತ್ಯಾಗ್ರಹಕ್ಕಾಗಿ ಸೆರೆಮನೆ ಕಂಡರು. ವಕೀಲಿಯ ಸನದನ್ನೂ ಕಳೆದುಕೊಂಡರು. ಜಿಲ್ಲೆಯ ಅರಣ್ಯ ಸತ್ಯಾಗ್ರಹದಲ್ಲಿ ಬಳ್ಳಾರಿ ಸಿದ್ದಮ್ಮನವರಂತಹ ತಾಯಂದಿರೂ ಮುಂದೆ ಬಂದರೆಂಬುದನ್ನು ನಮ್ಮ ಸೋದರಿಯರು ಅಭಿಮಾನದಿಂದ ಸ್ಮರಿಸಬೇಕು. 1947ರ ಅಕ್ಟೋಬರಿನಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದಿತು. 1956ರಲ್ಲಿ ನಾಡು ಒಂದಾದಾಗ ಅದರ ಮೊದಲ ಮುಖ್ಯಮಂತ್ರಿಯಾದವರು ಇದೇ ನಿಜಲಿಂಗಪ್ಪನವರು.

ಊರಿನ ಜಗಲಿಯೊಂದರಲ್ಲಿ ಕುಳಿತಿದ್ದ ವೃದ್ಧರೊಬ್ಬರನ್ನು ಈ ವಿಷಯವಾಗಿ ಕೇಳಿದೆವು. "ನಮ್ಮಪ್ಪ ಹೇಳ್ತಿದ್ರು ಬುದ್ಧಿ. ನಾನು ಮಕ್ಕಳಿಗೆ ಹೇಳಿದೆ. ಮೊಮ್ಮಕ್ಕಳಿಗೆ ಕೇಳೋ ಪುರುಸೊತ್ತಿಲ್ಲ" ಎಂದರು. ಸ್ವಲ್ಪ ತಡೆದು, "ಆಗ ಮರ ಕಡಿದ್ರೆ ಹೆಂಡ ನಿಲ್ತಿತ್ತು. ಈಗ ಅದು ಪಾಕೀಟಿನಲ್ಲಿ ಬರ್ತದೆ, ಯಾವುದನ್ನ ಕಡಿಯೋದು?" ಎಂದು ನಮ್ಮನ್ನೇ ಕೇಳಿದರು. ಹಲವು ಊರುಗಳಲ್ಲಿ ಪ್ರವಚನ ಮಾಡಿದ ನಮಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ.

ಬಸ್ಸು ನಾಯಕನಹಟ್ಟಿಯ ಕಡೆಗೆ ತಿರುಗಿದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿ, ದುಡಿದವರಿಗೆ ದುಡಿದಷ್ಟು ಕೂಲಿ ಸಲ್ಲಿಸಿದರೆಂದು ಈ ಸೀಮೆಯ ಜನ ಇಂದಿಗೂ ನಂಬುತ್ತಾರೆ. ಹಾಗೆ ಬೆವರು ಸುರಿಸಿ ಗಳಿಸಿದ ಕೂಲಿ ಸಂಜೆಯೊಳಗೆ ಕುಡಿತಕ್ಕೆ ಹೋದರೆ ಕಾಯಕಕ್ಕೆ ಅರ್ಥವೆಲ್ಲಿ? ಅಂದು ಕಡಿಯಬೇಕಾದ ಮರ ಊರಾಚೆ ಇತ್ತು. ಇಂದು ಅದು ಮನೆಯೊಳಗೇ ಬೇರು ಬಿಟ್ಟಿದೆ. ಅದಕ್ಕೆ ಕೊಡಲಿ ಹಾಕಬೇಕಾದವರು ಮನೆಯವರೇ. ಮುಂದಿನ ಜಾತ್ರೆಗೆ ಹೋಗುವ ಬಂಧುಗಳು ಅರ್ಧ ಗಳಿಗೆ ತುರುವನೂರಿನಲ್ಲಿ ಇಳಿಯಲಿ; ಮಕ್ಕಳಿಗೆ ಈ ಕಥೆಯನ್ನು ಅಲ್ಲಿಯೇ ಹೇಳಲಿ.