ಹದಿನಾರರಲ್ಲಿ ಎರಡು

ಹೋದ ತಿಂಗಳು ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಬರೆದ ಸರ್ವಿಸ್, ಹೊಸ ಸರ್ವರ್ ಮೇಲೆ ತೆವಳೋಕೆ ಶುರುಮಾಡಿತು. ಮಷೀನಿಗೆ 16 ಕೋರ್. ಒಟ್ಟು ಸಿಪಿಯು ಬಳಕೆ ನೋಡಿದರೆ ಬರೀ 12-13%. "ಮಷೀನ್ ಖಾಲಿ ಕೂತಿದೆ ಕಣಮ್ಮ, ನಿನ್ನ ಕೋಡಲ್ಲೇ ಎಲ್ಲೋ ಲಾಕ್ ಆಗ್ತಿದೆ, ನೋಡು" ಅಂದೆ. ಮೀಟಿಂಗಿನಲ್ಲಿ, ಎಲ್ಲರ ಎದುರಿಗೆ. ಪಾಪ, ಮೂರು ದಿನ ಹುಡುಕಿದಳು. ಏನೂ ಸಿಗಲಿಲ್ಲ.

ನಾಲ್ಕನೇ ದಿನ "ಸರ್, ಇದೊಂದು ನೋಡ್ತೀರಾ?" ಅಂತ ಸ್ಕ್ರೀನ್ ತೋರಿಸಿದಳು. ಲಿನಕ್ಸಿನಲ್ಲಿ ಓಡುವ ಪ್ರತಿ ಪ್ರೊಸೆಸ್ಸಿಗೂ 'ಪ್ರಾಕ್' ಅಡಿಯಲ್ಲಿ ಒಂದು ಸ್ಟೇಟಸ್ ಫೈಲ್ ಇರುತ್ತದೆ. ಅದು ಯಾವ್ಯಾವ ಕೋರ್ ಮೇಲೆ ಓಡಬಹುದು, ಅಂದರೆ ಅದರ ಸಿಪಿಯು ಅಫಿನಿಟಿ ಏನು ಅನ್ನೋದನ್ನ ಕರ್ನಲ್ ಅಲ್ಲಿ ತೋರಿಸುತ್ತದೆ. 2008ರ ಜನವರಿಯಲ್ಲಿ ಬಂದ 2.6.24 ಆವೃತ್ತಿಯಿಂದ ಈ ಸಾಲು ಇದೆ. ಮೊದಲು ಬರೀ ಹೆಕ್ಸಾಡೆಸಿಮಲ್ ಮಾಸ್ಕ್ ಇತ್ತು. 3 ಅಂತಿದ್ದರೆ ಮೂರು ಕೋರ್ ಅಲ್ಲ, 0 ಮತ್ತು 1ನೇ ಕೋರ್ ಅಂತ ಅರ್ಥ. ಅದೇ ವರ್ಷ 2.6.26ರಲ್ಲಿ ಮನುಷ್ಯರು ಓದುವಂಥ ಪಟ್ಟಿಯೂ ಬಂತು. ಅವಳ ಸರ್ವಿಸಿನ ಪಟ್ಟಿಯಲ್ಲಿ ಇದ್ದದ್ದು 0-1. ಹದಿನಾರರಲ್ಲಿ ಎರಡೇ!

ಯಾರು ಮಾಡಿದ್ದು ಅಂತ ಹುಡುಕಿದರೆ, ಸ್ಟಾರ್ಟ್‌ಅಪ್ ಸ್ಕ್ರಿಪ್ಟಿನಲ್ಲಿ ಒಂದು ಟಾಸ್ಕ್‌ಸೆಟ್ ಕಮಾಂಡ್. ಹಳೇ ಮಷೀನಿಗೆ ಅಂತ ಎರಡು ವರ್ಷದ ಹಿಂದೆ ನಾನೇ ಹಾಕಿದ್ದು. ಅಫಿನಿಟಿ ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಒಂದು ಪ್ರೊಸೆಸ್ ಹುಟ್ಟಿಸಿದ ಪ್ರೊಸೆಸ್ಸಿಗೂ ಅದೇ ಗೆರೆ. ಅದರೊಳಗೆ ಬೇರೆ ಪ್ರೋಗ್ರಾಂ ಲೋಡ್ ಆದರೂ ಆ ಗೆರೆ ಅಳಿಸಲ್ಲ. ಅವಳ ಕೋಡ್ ನಾನು ಎಳೆದ ಗೆರೆಯೊಳಗೇ ಓಡುತ್ತಿತ್ತು.

ಹಳ್ಳಿಯ ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿ ಬಿಇಗೆ ಬಂದಾಗ, ಮೊದಲ ಸೆಮಿಸ್ಟರಿನಲ್ಲೇ ಒಬ್ಬ ಲೆಕ್ಚರರ್ ಇಡೀ ಕ್ಲಾಸಿನ ಎದುರು ನನಗೆ "ನೀನು ತುಂಬಾ ಸ್ಲೋ" ಅಂದಿದ್ದರು. ಲೆಕ್ಕ ನನಗೆ ಬರುತ್ತಿತ್ತು. ಪ್ರಶ್ನೆಯ ಇಂಗ್ಲಿಷನ್ನು ತಲೆಯಲ್ಲೇ ಕನ್ನಡ ಮಾಡಿಕೊಳ್ಳುವಷ್ಟರಲ್ಲಿ ಪಕ್ಕದವನು ಉತ್ತರ ಹೇಳಿಬಿಡುತ್ತಿದ್ದ. ನನ್ನ ಹಣೆ ಮೇಲೆ ಸ್ಟೇಟಸ್ ಫೈಲ್ ಇರಲಿಲ್ಲ, ಅವರು ಓದೋಕೆ. ನನಗಾದರೆ ಫೈಲ್ ಕಣ್ಣೆದುರೇ ಇತ್ತು. ನಾನು ತೆಗೆದೂ ನೋಡಿರಲಿಲ್ಲ.

ಮರುದಿನದ ಮೀಟಿಂಗಿನಲ್ಲಿ ಅದೇ ಜನರ ಎದುರಿಗೆ, ತಪ್ಪು ಅವಳ ಕೋಡಿನದ್ದಲ್ಲ, ನನ್ನದು ಅಂದೆ. ಸ್ಕ್ರಿಪ್ಟಿನ ಆ ಸಾಲು ತೆಗೆದು ಅವಳೇ ಸರ್ವಿಸ್ ರೀಸ್ಟಾರ್ಟ್ ಮಾಡಿದಳು. ಆಮೇಲೆ ಸ್ಟೇಟಸ್ ಫೈಲ್ ತೆಗೆದು ಇಬ್ಬರೂ ನೋಡಿದೆವು. 0-15 ಅಂತಿತ್ತು.