ಕಲ್ಲಿನ ಸೀಮೆಯಲ್ಲಿ ಮನೆಯ ನಕ್ಷೆ

ಬೆಂಗಳೂರಿನ ವಿಧಾನಸೌಧದ ಕಂಬ, ಗೋಪುರಗಳನ್ನು ಮೆಚ್ಚದವರಿಲ್ಲ. ಆದರೆ ಅಲಂಕಾರಕ್ಕೆ ಬಳಸಿದ ಕಲ್ಲುಗಳಲ್ಲಿ ಮಾಗಡಿಯ ಗುಲಾಬಿ ಕಲ್ಲೂ ಸೇರಿದೆ ಎಂಬುದನ್ನು ಗಮನಿಸಿದವರು ಕಡಿಮೆ. ಅದನ್ನು ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರೂ ರಾಮನಗರ ಸೀಮೆಯವರೇ. 1951ರಲ್ಲಿ ಶಂಕುಸ್ಥಾಪನೆಯಾಗಿದ್ದ ಕಟ್ಟಡದ ಸರಳ ನಕ್ಷೆಯನ್ನು ಅವರು ಬದಲಿಸಿದರು. ಅವರ ಮನಸ್ಸಿನಲ್ಲಿದ್ದ ರೂಪವನ್ನು ಕಾಗದಕ್ಕಿಳಿಸಿದವರು ಸರ್ಕಾರದ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ. 1956ರಲ್ಲಿ ಕಟ್ಟಡ ಪೂರ್ಣಗೊಂಡಾಗ ವೆಚ್ಚ ಮೊದಲ ಅಂದಾಜನ್ನು ಬಹಳಷ್ಟು ಮೀರಿತ್ತು.

ಸರ್ಕಾರವಾದರೆ ಹೇಗೋ ಹಣ ಹೊಂದಿಸೀತು. ಮೂವತ್ತು-ನಲವತ್ತರ ನಿವೇಶನ ಕೊಂಡ ಸಂಸಾರಸ್ಥನಿಗೆ ಅದು ಸಾಧ್ಯವಿಲ್ಲ. ನಿವೃತ್ತಿಯ ಹಣ, ಬ್ಯಾಂಕಿನ ಸಾಲ, ಮಕ್ಕಳ ಓದಿಗೆಂದು ಕೂಡಿಟ್ಟ ಗಂಟು ಎಲ್ಲವೂ ಗೋಡೆಯೊಳಗೆ ಸೇರುತ್ತವೆ. ಹೀಗಿದ್ದೂ ನಕ್ಷೆಗೆ ಮಾತ್ರ ಯಾರ ಕೈಯಲ್ಲಾದರೂ ಗೀಚಿಸಿದರಾಯಿತು ಎಂಬ ಧೋರಣೆ ಎಲ್ಲೆಡೆ ಇದೆ. ಅದು ಎಷ್ಟು ದುಬಾರಿಯಾದೀತೆಂದು ತಿಳಿಯಲು ಮಾಗಡಿಯಿಂದ ಕನಕಪುರದವರೆಗೆ ಒಂದು ಸುತ್ತು ಬಂದರೆ ಸಾಕು.

ಮಾಗಡಿ ಬಿಟ್ಟು ರಾಮನಗರದ ಕಡೆ ಹೊರಟರೆ 1226 ಮೀಟರ್ ಎತ್ತರದ ಸಾವನದುರ್ಗ ಕಾಣಿಸುತ್ತದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರು ಬಿಟ್ಟ ಆ ಹೆಸರನ್ನು ಭೂವಿಜ್ಞಾನಿಗಳು ಉಳಿಸಿಕೊಂಡಿದ್ದಾರೆ; ಇಲ್ಲಿನ ಬೆಟ್ಟಗಳ ಶಿಲೆ 'ಕ್ಲೋಸ್‌ಪೇಟೆ ಗ್ರಾನೈಟ್'. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. 'ಶೋಲೆ' ಚಿತ್ರದಲ್ಲಿ ಜನ ಕಂಡ ಬಂಡೆಗಳೂ ಇವೇ.

ಬಂಡೆಯ ನಾಡಿನಲ್ಲಿ ಪಾಯಕ್ಕೇನು ಭಯ ಎನ್ನಿಸಬಹುದು. ಆದರೆ ಒಂದೇ ನಿವೇಶನದ ಒಂದು ಮೂಲೆಯಲ್ಲಿ ಎರಡಡಿಗೇ ಬಂಡೆ ಸಿಕ್ಕಿ, ಇನ್ನೊಂದು ಮೂಲೆಯಲ್ಲಿ ತುಂಬಿದ ಸಡಿಲ ಮಣ್ಣಿರುವುದುಂಟು. ಮಣ್ಣಿನ ಭಾಗ ಕುಸಿದು, ಬಂಡೆಯ ಭಾಗ ನಿಂತರೆ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಆದ್ದರಿಂದ ನಿವೇಶನಕ್ಕೆ ಬಂದು, ಗುಂಡಿ ತೆಗೆಸಿ ನೋಡದೆ ನಕ್ಷೆ ಕೊಡುವವರಿಂದ ದೂರವಿರುವುದೇ ಲೇಸು.

ರಾಮನಗರ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ಹುಳು ಸಾಕುವವರ ಮನೆಯ ಲೆಕ್ಕವೇ ಬೇರೆ. ಎಳೆಯ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್, ಬೆಳೆದದ್ದಕ್ಕೆ 24ರಿಂದ 25 ಡಿಗ್ರಿ ಉಷ್ಣತೆ ಹಿತ. ಸಾಕಾಣಿಕೆ ಮನೆ ವಾಸದ ಮನೆಯಿಂದ ಬೇರೆಯಾಗಿದ್ದು, ಎದುರುಬದುರು ಕಿಟಕಿಗಳಿಂದ ಗಾಳಿಯಾಡಬೇಕು. ಪಡುವಣ ಗೋಡೆ ಮಧ್ಯಾಹ್ನದ ಬಿಸಿಲು ಕುಡಿದು ರಾತ್ರಿ ಶಾಖ ಉಗುಳಿದರೆ ಬೆಳೆಯೇ ಕೈಬಿಟ್ಟೀತು.

ಈ ಊರುಗಳು ಸುಮಾರು 12.5ರಿಂದ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರದ ಆಸುಪಾಸು ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ಸೂರ್ಯ ನಡುಹಗಲು ನೆತ್ತಿಯ ಮೇಲೆಯೇ ಇರುತ್ತಾನೆ. ಆದ್ದರಿಂದ ಇಲ್ಲಿ ತಾರಸಿಗೂ ಪಡುವಣ ಗೋಡೆಗೂ ನೆರಳಿನ ಯೋಚನೆ ಬೇಕು. ದೂರದ ಊರಿನ ಚಿತ್ರ ನೋಡಿ ನಕಲು ಮಾಡಿದ ಗಾಜಿನ ಮುಂಭಾಗ ಫ್ಯಾನಿನ ಬಿಲ್ಲನ್ನಷ್ಟೇ ಹೆಚ್ಚಿಸುತ್ತದೆ.

ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಆಮೇಲೆ ಚನ್ನಪಟ್ಟಣ. ಆಲೆಮರದ ತುಂಡು ತಿರುಗಣೆಗೆ ಸಿಕ್ಕಿ, ಅರಗಿನ ಬಣ್ಣ ಹತ್ತಿ, ಬೊಂಬೆಯಾಗುವ ಊರಿದು. ಮನೆಯಲ್ಲೇ ಕೆಲಸ ಮಾಡುವ ಕುಶಲಕರ್ಮಿಗೆ ಮರದ ಹೊಟ್ಟು ಅಡುಗೆಮನೆಗೆ ಹಾರಬಾರದು, ಯಂತ್ರದ ಸದ್ದು ಓದುವ ಮಕ್ಕಳ ಕೋಣೆಗೆ ಬರಬಾರದು. ನಕ್ಷೆ ಬರೆಯುವವರು ಮೊದಲು ಕೇಳಬೇಕಾದದ್ದು ಇಂಥ ಸಂಗತಿಗಳನ್ನೇ: ಮನೆಯವರ ಕಸುಬೇನು, ಅಜ್ಜಿಗೆ ಮೆಟ್ಟಿಲು ಹತ್ತಲಾಗುತ್ತದೆಯೇ, ಮಕ್ಕಳು ಎಲ್ಲಿ ಓದುತ್ತಾರೆ. ಏನೂ ಕೇಳದೆ ಮರುದಿನವೇ ನಕ್ಷೆ ಕೊಟ್ಟರೆ ಅದು ಯಾರದೋ ಮನೆಯ ನಕ್ಷೆ.

ಸಾತನೂರಿನ ಮೇಲೆ ಹಾದು ಕನಕಪುರಕ್ಕೆ ಬಂದರೆ, ಬೆಂಗಳೂರಿನವರೆಗಿನ ರಸ್ತೆಯುದ್ದಕ್ಕೂ ಹೊಸ ಬಡಾವಣೆಗಳು. ಇಲ್ಲಿ ಕಾಗದಪತ್ರದ ಮಾತು ಮುಖ್ಯ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ 'ಆರ್ಕಿಟೆಕ್ಟ್' ಎಂದು ಕರೆದುಕೊಳ್ಳಬಹುದು. ಕಾಯ್ದೆ ರಕ್ಷಿಸುವುದು ಆ ಹೆಸರನ್ನು, ವಿನ್ಯಾಸದ ಕೆಲಸವನ್ನು ಬೇರೆಯವರು ಮಾಡಬಾರದೆಂದು ಅದು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ ನೋಂದಣಿ ಸಂಖ್ಯೆ ಕೇಳುವುದರ ಜೊತೆಗೆ, ಅವರು ನಾಲ್ಕೈದು ವರ್ಷದ ಹಿಂದೆ ಮಾಡಿದ ಎರಡು ಮನೆಗಳಿಗೆ ಹೋಗಿ, ಅಲ್ಲಿ ವಾಸಿಸುವವರನ್ನೇ ಮಾತನಾಡಿಸಬೇಕು. ಮಳೆಗಾಲದಲ್ಲಿ ಸೋರುತ್ತದೆಯೇ, ಹಗಲಲ್ಲೂ ದೀಪ ಬೇಕೇ ಎಂದು ಕೇಳಬೇಕು. ಕಂಬ, ತೊಲೆ, ಕಬ್ಬಿಣದ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಮಾಡುತ್ತಾರೆಯೇ ಎಂದೂ ವಿಚಾರಿಸಬೇಕು.

ಶುಲ್ಕವನ್ನು ಕೆಲವರು ಒಟ್ಟು ವೆಚ್ಚದ ಶೇಕಡಾವಾರು, ಕೆಲವರು ಚದರಡಿ ಲೆಕ್ಕದಲ್ಲಿ ಕೇಳುತ್ತಾರೆ. ಯಾವ ಯಾವ ನಕ್ಷೆ ಕೊಡುತ್ತಾರೆ, ಎಷ್ಟು ಸಲ ಕೆಲಸ ನೋಡಲು ಬರುತ್ತಾರೆ, ಹಣ ಎಷ್ಟು ಕಂತು, ನಡುವೆ ಬದಲಾವಣೆಯಾದರೆ ಏನು ಎಂಬುದೆಲ್ಲ ಬರವಣಿಗೆಯಲ್ಲಿರಬೇಕು. ಪಂಚಾಯಿತಿಯ ಅಥವಾ ನಗರಸಭೆಯ ಅನುಮತಿಗೆ ಕೊಡುವ ನಕ್ಷೆ ಒಂದು, ಮೇಸ್ತ್ರಿಯ ಕೈಗೆ ಕೊಡುವುದು ಇನ್ನೊಂದು ಆಗಬಾರದು. ಕಾಗದದ ಮೇಲಿನ ಗೋಡೆ ಅಳಿಸಲು ರಬ್ಬರು ಸಾಕು. ಕಟ್ಟಿದ್ದನ್ನು ಒಡೆಯಲು ಹಾರೆಯೂ ಬೇಕು, ಕೂಲಿಯೂ ಬೇಕು. ಮಳೆನೀರಿನ ತೊಟ್ಟಿಯೂ ಮೊದಲ ನಕ್ಷೆಯಲ್ಲೇ ಇರಲಿ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರು.

ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ದಾರಿಯಿದೆ. ಪಿಯುಸಿ ನಂತರ ವಾಸ್ತುಶಿಲ್ಪ ಪದವಿ ಐದು ವರ್ಷದ್ದು. ಗಣಿತ, ಚಿತ್ರ ಎರಡರಲ್ಲೂ ಆಸಕ್ತಿಯಿರುವ ಮಕ್ಕಳಿಗೆ ಅದು ಒಗ್ಗುತ್ತದೆ. ಅದಕ್ಕೂ ಮುಂಚೆ ಈ ರಜೆಯಲ್ಲೇ ಟೇಪು ಹಿಡಿದು ಈಗಿರುವ ಮನೆಯನ್ನು ಅಳೆದು, ಒಂದು ಮೀಟರಿಗೆ ಎರಡು ಸೆಂಟಿಮೀಟರಿನಂತೆ ನಕ್ಷೆ ಬರೆಯಬಹುದು. ಬೆಳಿಗ್ಗೆ, ಸಂಜೆ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಯಾವ ಕೋಣೆ ಕತ್ತಲೆ, ಯಾರು ಎಲ್ಲಿ ಮಲಗುತ್ತಾರೆ ಎಂದು ಗುರುತು ಹಾಕಬಹುದು. ಹೊಸ ಮನೆಯ ಮಾತು ಬಂದ ದಿನ, ನಕ್ಷೆ ಬರೆಯುವವರ ಮುಂದೆ ಅಪ್ಪ ಅಮ್ಮ ಮೊದಲು ಇಡಬೇಕಾದ ಕಾಗದ ಅದೇ.