ರಹೀಂ ಮೇಷ್ಟರು

“ಚೆಂಡು ಒದ್ದರ ಹೊಟ್ಟಿ ತುಂಬತೈತೇನು?” ಎಂದು ನಮ್ಮ ತಂದೆಯವರು ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆನು. ಅವರು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ದಿನವಿಡೀ ಬೆಂಕಿಯ ಮುಂದೆ ಬೆಂದು ಮಗನನ್ನು ಬಿ.ಎ. ಕೊನೆಯ ವರ್ಷದವರೆಗೆ ತಂದವರು ಹಾಗೆ ಕೇಳುವುದು ತಪ್ಪಲ್ಲ. ನಾನಾದರೋ ಭಾನುವಾರ ಬಂದಿತೆಂದರೆ ಹರಿಹರದ ಬಸ್ಸು ಹತ್ತುವವನು. ಅಲ್ಲಿ ಸೋದರಮಾವನ ಕೇರಿಯ ಹುಡುಗರಿಗೆ ಕಾಲ್ಚೆಂಡಾಟ ಹೇಳಿಕೊಡುವುದು ನನ್ನ ಹುಚ್ಚು. ಮುಂದೆ ವ್ಯಾಯಾಮ ಶಿಕ್ಷಕನಾಗಬೇಕೆಂಬ ಆಸೆಯನ್ನು ಮಾತ್ರ ಮನೆಯಲ್ಲಿ ಆಡಿರಲಿಲ್ಲ.

2024ರಲ್ಲಿ ‘ಮೈದಾನ್’ ಎಂಬ ಹಿಂದೀ ಚಿತ್ರ ಬಂದಿತು. ಅದರಲ್ಲಿ ಬಣ್ಣ ಕೊಂಚ ಹೆಚ್ಚೇ ಎನ್ನಿ. ಆದರೆ ಅದರ ದೆಸೆಯಿಂದ ಸೈಯದ್ ಅಬ್ದುಲ್ ರಹೀಂ ಅವರ ಪರಿಚಯ ನನಗಾಯಿತು. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಇವರು ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಅದರ ತಂಡದಲ್ಲಿ ಆಡಿದರು; ಬಿ.ಎ. ಮುಗಿಸಿ ಶಾಲೆಯ ಮೇಷ್ಟರಾದರು. ಬಳಿಕ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದರು. ನಮ್ಮ ಕಲಬುರಗಿ, ರಾಯಚೂರು, ಬೀದರ್‌ಗಳೂ 1956ರವರೆಗೆ ಆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲವೆ? ಅವರನ್ನು ಹೊರಗಿನವರೆನ್ನಲು ನನಗೆ ಮನಸ್ಸು ಬಾರದು.

ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಆ ನಡುವೆಯೇ ದೊಡ್ಡ ಪೆಟ್ಟೊಂದು ಬಿದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಅವರ ಭಾರತ ತಂಡವನ್ನು ಯುಗೋಸ್ಲಾವಿಯಾ 10-1ರಿಂದ ಸೋಲಿಸಿತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಹತ್ತು ಗೋಲು ತಿಂದ ಮೇಷ್ಟರು ಮನೆಗೆ ಹೋಗಿ ಕೂರಲಿಲ್ಲ. ನಾಲ್ಕೇ ವರ್ಷದಲ್ಲಿ, ಮೆಲ್ಬರ್ನಿನಲ್ಲಿ, ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಮೈಸೂರು ರಾಜ್ಯಕ್ಕೆ ಆಡುತ್ತಿದ್ದ ಕೆಂಪಯ್ಯನವರೂ ಆ ತಂಡದಲ್ಲಿದ್ದರು. 1962ರ ಜಕಾರ್ತಾ ಏಷ್ಯನ್ ಕ್ರೀಡೆಯಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಾಗ ಮೇಷ್ಟರ ಶ್ವಾಸಕೋಶವನ್ನು ಕ್ಯಾನ್ಸರ್ ತಿನ್ನುತ್ತಿದ್ದಿತು. ಮರುವರ್ಷ ಜೂನ್ ತಿಂಗಳಲ್ಲಿ ತೀರಿಕೊಂಡರು.

ನನ್ನನ್ನು ಹಿಡಿದು ನಿಲ್ಲಿಸಿದುದು ಪದಕಗಳಲ್ಲ, ಅವರ ಒಂದು ಉಪಾಯ. ಹುಡುಗರಿಗಾಗಿ ಅವರು ಬಲವಿಲ್ಲದ ಕಾಲಿನಿಂದಷ್ಟೇ ಒದೆಯಬೇಕೆಂಬ ಪಂದ್ಯಗಳನ್ನು ಏರ್ಪಡಿಸುತ್ತಿದ್ದರಂತೆ. ಒಂದು ಭಾನುವಾರ ನಾನೂ ಹರಿಹರದಲ್ಲಿ “ಇಂದು ಎಡಗಾಲಿನ ಆಟ” ಎಂದು ಸಾರಿದೆನು. ಅವಸರದಲ್ಲಿ ಎಲ್ಲರಿಗೂ ಬಲಗಾಲೇ ಬಲವೆಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು! ಕೇರಿಯ ಶೂರರೆಲ್ಲ ಗಾಳಿಗೆ ಒದ್ದು ಮಗುಚಿಬಿದ್ದರು. ಎಂದೂ ಮೂಲೆಯಲ್ಲಿ ನಿಲ್ಲುತ್ತಿದ್ದ ಎಡಚ ಹುಡುಗನೊಬ್ಬ ಮೂರು ಗೋಲು ಹೊಡೆದು, ತಾನೇ ಬೆರಗಾಗಿ ನಿಂತನು. ಬಲಗಾಲಿನಿಂದ ಆಡೆಂದು ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಮಾವನ ಮನೆಗೆ ಮಂಡಕ್ಕಿ ಕೊಡಲು ಬಂದಿದ್ದ ತಂದೆಯವರು ಬೇಲಿಯ ಬಳಿ ನಿಂತು ಇದನ್ನೆಲ್ಲ ನೋಡಿದ್ದರು. ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದರು: “ಇದನ್ನ ಯಾರು ಕಲಿಸಿದ್ರು?”

ರಹೀಂ ಮೇಷ್ಟರ ಕಥೆ ಹೇಳಿದೆನು.

“ಎಲ್ಲೀತನಕ ಓದಿದ್ರು ಅವ್ರು?”

“ಬಿ.ಎ., ಅಪ್ಪಾ. ಆಮೇಲೆ ವ್ಯಾಯಾಮದ ಡಿಪ್ಲೊಮಾ.”

ಬಸ್ಸು ದಾವಣಗೆರೆ ಸೇರುವವರೆಗೂ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಇಳಿಯುವಾಗ ನನ್ನ ಕಡೆಗೆ ತಿರುಗದೆ ಕೇಳಿದರು: “ಅದಕ್ಕ ಅರ್ಜಿ ಯಾವಾಗ ಹಾಕಬೇಕು?”